ಡೋಲು ಬಡಿಯದವಳಿಗೆ ಪ್ರವೇಶಪತ್ರವಿಲ್ಲ

ಪರೀಕ್ಷಾ ವಿಭಾಗದ ಮಾನ್ಯ ಕುಲಸಚಿವರೇ,

ನನ್ನ ಅಣ್ಣನ ಮಗಳು ಜಯಮಾಲಾ ನಿಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಎ. ಕೊನೆಯ ಸೆಮಿಸ್ಟರ್ ಓದುತ್ತಿದ್ದಾಳೆ. ಸೋಮವಾರ ಪರೀಕ್ಷೆ. ಅವಳಿಗೆ ನೀವು ಪ್ರವೇಶಪತ್ರ ಕೊಟ್ಟಿಲ್ಲ. ಹಾಜರಾತಿ ಕಡಿಮೆ ಎಂದು ನೋಟಿಸು ಹೇಳುತ್ತದೆ. ಏಕೆ ಕಡಿಮೆಯಾಯಿತೆಂದು ಹೇಳುವುದಿಲ್ಲ. ಆ ಕೆಲಸವನ್ನು ನಾನು ಮಾಡುತ್ತೇನೆ.

ಕಳೆದ ತಿಂಗಳು ತಾವು ‘ಎಲ್ಲರನ್ನೂ ಒಳಗೊಳ್ಳುವ ಕ್ಯಾಂಪಸ್’ ಎಂಬ ಸಪ್ತಾಹ ಆಚರಿಸಿದಿರಿ. ದೊಡ್ಡ ಮನಸ್ಸು. ಇಡೀ ಕ್ಯಾಂಪಸ್ಸಿನಲ್ಲಿ ಕೊರಗ ಸಮುದಾಯದ ಹುಡುಗಿ ಇವಳೊಬ್ಬಳೇ ಆದ್ದರಿಂದ ಒಳಗೊಳ್ಳುವ ಭಾರವೆಲ್ಲ ಇವಳ ತಲೆಗೇ ಬಿತ್ತು. ಕಾರ್ಯಕ್ರಮದ ಸಂಚಾಲಕರು ಕರೆಸಿದರು.

“ಸರ್, ನಮ್ಮ ಕೊರಗ ಭಾಷೆಯ ಮೇಲೆ ನಾನು ಬರೆದ ಪ್ರಬಂಧ ಉಂಟು. ಅದನ್ನು ಓದುತ್ತೇನೆ,” ಎಂದಳು ಜಯಮಾಲಾ.

“ಅದೆಲ್ಲ ಎಂತಕ್ಕೆ ಮಾರಾಯ್ತಿ? ಅತಿಥಿಗಳು ಕಾರಿನಿಂದ ಇಳಿಯುವಾಗ ಡೋಲು ಬಡಿಯಬೇಕು. ನಿಮ್ಮವರಿಗೆ ಅದು ರಕ್ತದಲ್ಲೇ ಉಂಟಲ್ವಾ?”

“ನನಗೆ ಬರುವುದಿಲ್ಲ ಸರ್. ಬಂದರೂ ಬಡಿಯುವುದಿಲ್ಲ.”

ಸಪ್ತಾಹದ ಕಾರ್ಯಕ್ರಮಕ್ಕೆ ಅಭ್ಯಾಸ ನಡೆದ ನಾಲ್ಕು ದಿನಗಳನ್ನು ನೀವು ತರಗತಿಯೆಂದು ಲೆಕ್ಕ ಹಿಡಿದಿರಿ. ಆ ನಾಲ್ಕೂ ದಿನ ಅವಳು ಗ್ರಂಥಾಲಯದಲ್ಲಿ ಓದುತ್ತಾ ಕುಳಿತಿದ್ದಳು. ನಾಲ್ಕೂ ದಿನ ಗೈರು. ಕಾರ್ಕಳದ ಹತ್ತಿರದ ನಮ್ಮ ಕಾಲೋನಿಯಿಂದ ಎರಡು ಬಸ್ಸು ಬದಲಿಸಿ ಬರುವವಳಿಗೆ ಮೊದಲ ಪಿರಿಯಡ್ ತಪ್ಪಿದ ದಿನಗಳು ಮೊದಲೇ ಇದ್ದವು. ಎಲ್ಲ ಸೇರಿ ಶೇಕಡಾ ಎಪ್ಪತ್ನಾಲ್ಕಾಯಿತು. ನಿಮಗೆ ಎಪ್ಪತ್ತೈದು ಬೇಕು.

ಡೋಲು ಕಂಡರೆ ನಮಗಾಗದು ಎಂದು ತಿಳಿಯಬೇಡಿ. ನಮ್ಮ ಮದುವೆಗಳಲ್ಲಿ ಬಡಿಯುತ್ತೇವೆ, ಕುಣಿಯುತ್ತೇವೆ, ಯಾರ ಅಪ್ಪಣೆಯನ್ನೂ ಕೇಳದೆ. ಆದರೆ ನನ್ನ ಅಪ್ಪನನ್ನು ಕಂಬಳಕ್ಕೆ ಡೋಲಿನ ಸಮೇತ ಹೇಳಿಕಳಿಸಿ ಕರೆಸುತ್ತಿದ್ದರು. ಗದ್ದೆಯಲ್ಲಿ ಗಾಜು, ಮುಳ್ಳು ಇದ್ದರೆ ಕೋಣದ ಕಾಲಿಗೆ ತಾಗಬಾರದೆಂದು ಮೊದಲು ಅಪ್ಪನನ್ನೇ ಓಡಿಸುತ್ತಿದ್ದರು. ಇಂಥ ಬಿಟ್ಟಿ ಸೇವೆಗೆ ಅಜಲು ಎನ್ನುತ್ತಾರೆ. ಸರ್ಕಾರ ಅದನ್ನು ಎರಡು ಸಾವಿರದ ಇಸವಿಯಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಅಷ್ಟೊಂದು ಕಾನೂನು ಪುಸ್ತಕಗಳಿರುವ ನಿಮ್ಮ ಕಟ್ಟಡಕ್ಕೆ ಈ ಸುದ್ದಿ ಇನ್ನೂ ತಲುಪಿಲ್ಲವೇ? ಅಪ್ಪನನ್ನು ಓಡಿಸಿದವರು ಅದನ್ನು ಗೌರವ ಎಂದು ಕರೆಯಲಿಲ್ಲ, ಅಷ್ಟು ಪ್ರಾಮಾಣಿಕತೆ ಅವರಿಗಿತ್ತು. ಇದನ್ನು ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತಿದೆ, ಮುಚ್ಚಿಡುವುದಿಲ್ಲ.

ಶನಿವಾರ ಸಂಜೆಯೊಳಗೆ ಆ ನಾಲ್ಕು ದಿನದ ಗೈರನ್ನು ತೆಗೆದುಹಾಕಿ ಪ್ರವೇಶಪತ್ರ ಕೊಡಿ. ಕರುಣೆ ಬೇಡ, ವಿಶೇಷ ವಿನಾಯಿತಿಯ ಔದಾರ್ಯವೂ ಬೇಡ. ಇನ್ನೊಮ್ಮೆ ಇಂಥ ಸಪ್ತಾಹ ಮಾಡುವುದಿದ್ದರೆ ನಮ್ಮವರನ್ನು ಮೊದಲು ಸಮಿತಿಯ ಕುರ್ಚಿಯಲ್ಲಿ ಕೂರಿಸಿ. ಕೊಡದಿದ್ದರೂ ಜಯಮಾಲಾ ಸೋಮವಾರ ಒಂಬತ್ತೂವರೆಗೆ ಪರೀಕ್ಷಾ ಕೊಠಡಿಯ ಬಾಗಿಲಿಗೆ ಬರುತ್ತಾಳೆ. ಕಾಲೋನಿಯ ಹದಿನಾರು ಮನೆಯವರೂ ಜೊತೆಗೆ ಬರುತ್ತೇವೆ. ತಡೆಯುವ ಕೆಲಸವನ್ನು ಪಾಪದ ಕಾವಲುಗಾರನಿಗೆ ವಹಿಸಬೇಡಿ. ನೀವೇ ಬನ್ನಿ. ಅವಳು ಮಾಡಿದ ತಪ್ಪೇನೆಂದು ನಮ್ಮೆಲ್ಲರೆದುರು ಬಾಯಿಬಿಟ್ಟು ಹೇಳಿ, ಆಮೇಲೆ ತಡೆಯಿರಿ.

ಇಂತಿ,
ಏಳನೆಯ ತರಗತಿಗೆ ಶಾಲೆ ಬಿಟ್ಟು, ಈ ಪತ್ರದ ತಪ್ಪುಗಳನ್ನು ಅವಳಿಂದಲೇ ತಿದ್ದಿಸಿಕೊಂಡ ಚಿಕ್ಕಪ್ಪ,
ಗುಣಪಾಲ ಕೊರಗ