ಮುಬಾರಕನ ಕಾಗದಕ್ಕೆ ಹಾಕಿಸಿದ ಪ್ಲಾಸ್ಟಿಕ್

ಮೂಡುಬಿದಿರೆ, ಫೆಬ್ರವರಿ 11, ಬುಧವಾರ

ಇವತ್ತೂ ಮುಬಾರಕನನ್ನು ಬಿಡಲಿಲ್ಲ. ಬೆಂಗಳೂರಿನ ಹತ್ತಿರ ಪರದೇಶದವರನ್ನು ಕೂಡಿಹಾಕುವ ಕಟ್ಟಡದಲ್ಲಿ ಹದಿನೆಂಟು ದಿನ ಆಯಿತು. ಸುಡಾನಿನವನು ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಕಾಲೇಜು ಮುಗಿಯಿತು, ವೀಸಾ ಮುಗಿಯಿತು, ಅವನ ಊರಿನ ಯುದ್ಧ ಮಾತ್ರ ಮುಗಿಯಲಿಲ್ಲ. ಆಶ್ರಯ ಕೇಳಿ ದೆಹಲಿಗೆ ಹಾಕಿದ ಅರ್ಜಿ ಇನ್ನೂ ವಿಚಾರಣೆಯಲ್ಲಿ ಉಂಟು ಎನ್ನುವುದಕ್ಕೆ ಅವನಲ್ಲಿದ್ದದ್ದು ಒಂದೇ ಕಾಗದ.

ಅದಕ್ಕೆ ಲ್ಯಾಮಿನೇಶನ್ ಮಾಡಿಸಿದವಳು ನಾನು. ಮಕ್ಕಳ ಮಾರ್ಕ್ಸ್‌ಕಾರ್ಡಿಗೆಲ್ಲ ಮಾಡಿಸಿದ ಹಾಗೆ, ಕಿಸೆಯ ಬೆವರಿಗೆ ಹಾಳಾಗಬಾರದು ಅಂತ. ಅವಧಿ ಮುಂದುವರಿಸುವ ಸೀಲು ಅದರ ಹಿಂಬದಿಗೇ ಬೀಳಬೇಕೆಂದು ನನಗೆಲ್ಲಿ ಗೊತ್ತು? ಪ್ಲಾಸ್ಟಿಕ್ಕಿನ ಮೇಲೆ ಸೀಲು ಹಾಕುವುದಿಲ್ಲ ಅಂದರಂತೆ ದೆಹಲಿಯ ಆಫೀಸಿನವರು. ಹೊಸ ಕಾಗದ ಬರುವ ಮೊದಲೇ ಪೊಲೀಸರು ಬಂದರು.

ಸಂಜೆ ಅಕ್ಕನ ಮಗ ರಿಷಭ್ ಬಂಟ್ವಾಳದಿಂದ ಫೋನ್ ಮಾಡಿದ. ಮುಬಾರಕನ ವಕೀಲ ಅವನೇ.

"ಚಿಕ್ಕಮ್ಮ, ಕಾಗದ ಕೆಡಿಸಿದ್ದು ತಾನೇ ಅಂತ ಅವನು ಬರೆದುಕೊಟ್ಟಿದ್ದಾನೆ. ನಿಮ್ಮ ಹೆಸರು ಎಲ್ಲೂ ಇಲ್ಲ."

ನಮ್ಮ ಯಜಮಾನರಿಗೆ ಸಮಾಧಾನ ಆಯಿತು. "ಹಾಗಾದರೆ ನೀನು ಸುಮ್ಮನೆ ಇರು ಮಾರಾಯ್ತಿ," ಅಂದರು.

ಯೋಚನೆಯಲ್ಲೇ ಹೊತ್ತು ಮುಳುಗಿತು; ಕತ್ತಲಾದ ಮೇಲೆ ಜೈನರಾದ ನಾವು ಉಣ್ಣುವುದಿಲ್ಲ, ಇನ್ನು ನನಗೆ ಊಟ ನಾಳೆಯೇ. ಹೋದ ರಂಜಾನಿನಲ್ಲಿ ನಾನು ಉಂಡು ಪಾತ್ರೆ ತೊಳೆಯುವ ಹೊತ್ತಿಗೆ ಅವನು ಮೇಲೆ ಖರ್ಜೂರ ಬಾಯಿಗೆ ಹಾಕುತ್ತಿದ್ದ.

ಸುಮ್ಮನೆ ಇರಲಿಕ್ಕೆ ನನ್ನಿಂದ ಆಗುವುದಿಲ್ಲ. ನಾಳೆ ಸಿದ್ಧಕಟ್ಟೆ ಮೇಲೆ ಬಂಟ್ವಾಳಕ್ಕೆ ಹೋಗುವ ಮೊದಲ ಬಸ್ಸಿಗೆ ಹೊರಡುತ್ತೇನೆ, ರಿಷಭನ ಕೈಯಲ್ಲಿ ಅಫಿಡವಿಟ್ ಬರೆಸುತ್ತೇನೆ. ಪ್ಲಾಸ್ಟಿಕ್ ಹಾಕಿಸಿದವಳು ಅನಂತಮತಿ ಎಂದು ಮೊದಲ ಸಾಲಿನಲ್ಲೇ ಬರಬೇಕು. ಮನೆಯ ಅಡ್ರೆಸ್ಸೂ ಇರಲಿ. ಬಿಟ್ಟರೆ ಇವನು ಎಲ್ಲಿಗೆ ಹೋಗುತ್ತಾನೆ ಎಂದು ಕೇಳುತ್ತಾರಂತೆ, ಅದಕ್ಕೂ ಅದೇ ಅಡ್ರೆಸ್ಸು.