ಏಳದ ಬಲಗೈ

ಮಾರ್ಚ್ 4
ಇಬ್ಬರಿಗೆ ಕಟಿಂಗ್, ಒಬ್ಬಳಿಗೆ ಬಣ್ಣ. ಆಮೇಲೆ ಪಾರ್ಲರ್ ಖಾಲಿ. ಫೋನ್ ಹಿಡಿದು ಕೂತೆ. ಮಹಾರಾಣಿಯ ಹೊಸ ವಿಡಿಯೋ. ನನ್ನ ಓರಗಿತ್ತಿ — ನನ್ನ ಹತ್ತಿರವೇ ಕತ್ತರಿ ಹಿಡಿಯಲು ಕಲಿತು, ಪಕ್ಕದ ಬೀದಿಯಲ್ಲೇ ಸ್ವಂತ ಪಾರ್ಲರ್ ತೆರೆದವಳು. ಅವಳ ಕುರ್ಚಿಯಲ್ಲಿ ನನ್ನ ಗಿರಾಕಿ, ಆ ಬ್ಯಾಂಕಿನವಳು, ಹಲ್ಲು ಕಿರಿಯುತ್ತಾ... ಮತ್ತೆ ಮತ್ತೆ ನೋಡಿದೆ. ಕೆಳಗಿನ ಹೊಗಳಿಕೆಗಳನ್ನೂ ಓದಿದೆ, ಒಂದೂ ಬಿಡದೆ. ಮೈಯೆಲ್ಲ ಉರಿ.

ಮಾರ್ಚ್ 9
ಡ್ರೈಯರ್ ಎತ್ತಿದರೆ ಬಲಗೈ ನಡುಗುತ್ತದೆ. "ಆ ಫೋನ್ ಕೆಳಗಿಡು, ಸರಿಹೋಗುತ್ತೆ" ಅಂದರು ಇವರು, ಟಿವಿಯಿಂದ ಕಣ್ಣು ಕೀಳದೆ! ತಮ್ಮನ ಹೆಂಡತಿಯ ವಿಷಯ ಎತ್ತಿದರೆ ಮಾತ್ರ ಬಾಯಿಗೆ ಬೀಗ.

ಮಾರ್ಚ್ 17
ಫಿಸಿಯೋ ಹತ್ತಿರ ಹೋದೆ. ಹಾಲುಗಲ್ಲದ ಹುಡುಗಿ. ಎರಡೂ ಕೈ ಪಕ್ಕಕ್ಕೆ ಎತ್ತಿಸಿ ಮೇಲಿನಿಂದ ಒತ್ತಿದಳು. ಎಡಗೈ ನಿಂತಿತು. ಬಲಗೈ ಧೊಪ್ಪನೆ ಕೆಳಗೆ.
"ಫೋನ್ ಯಾವ ಕೈಯಲ್ಲಿ ಹಿಡೀತೀರಿ?"
"ನಿಮಗ್ಯಾಕೆ?"
"ಕತ್ತು ಬಗ್ಗಿಸಿ, ಭುಜ ಮುಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಕೂತರೆ ಭುಜದ ಸ್ನಾಯು ಸೋಲಬಹುದು ಮೇಡಂ. ಅದೇ ಕಾರಣ ಅಂತ ಖಂಡಿತ ಹೇಳಲ್ಲ. ನಿಮ್ಮ ಕೆಲಸಾನೂ ಕೈ ಎತ್ತೋದೇ. ಆದರೆ ಬಿಡೋಕಾಗೋದನ್ನ ಮೊದಲು ಬಿಡಿ."
ಬಿಡಬೇಕಂತೆ! ಫೀಸು ಬಿಸಾಕಿ ಬಂದೆ.

ಮಾರ್ಚ್ 18
ಮಹಾರಾಣಿ ಗೋಡೆ ತುಂಬ ಕನ್ನಡಿ ಹಾಕಿಸಿದ್ದಾಳೆ. ಮಲಗಿಕೊಂಡೇ ನೋಡಿದೆ. ಫೋನ್ ಜಾರಿ ಮೂಗಿನ ಮೇಲೆ ಬಿತ್ತು. ಅದಕ್ಕೂ ಅವಳೇ ಕಾರಣ.

ಏಪ್ರಿಲ್ 2
ಆಗಬಾರದ್ದು ಆಯಿತು. ನನ್ನ ಹಳೇ ಗಿರಾಕಿ ಟೀಚರ್, ಮಗಳ ಮದುವೆಗೆ ತಲೆ ಕಟ್ಟಲು ನನ್ನನ್ನೇ ಕರೆದಿದ್ದರು. ಬಿಸಿ ಕರ್ಲರ್ ಹಿಡಿದ ಕೈ ಸತ್ತಂತೆ ಇಳಿಯಿತು. ಹುಡುಗಿಯ ಕತ್ತಿಗೆ ತಾಗಿ ಕೆಂಪು ಬರೆ. ಚೀರಿದಳು.
ಟೀಚರ್ ಬೈಯಲಿಲ್ಲ. "ನೀವು ಹೊರಗೆ ಕೂತಿರಿ" ಅಂದರು, ಅಷ್ಟೇ. ಯಾರಿಗೋ ಫೋನ್ ಮಾಡಿದರು. ಬಂದವಳು ಅವಳೇ! ಬರೆ ಕಾಣದ ಹಾಗೆ ಕೂದಲು ಇಳಿಬಿಟ್ಟು ಚಕಚಕ ಮುಗಿಸಿದಳು. ನಾನು ಬಾಗಿಲ ಹೊರಗೆ ಸ್ಟೂಲಿನ ಮೇಲೆ. ಹೋಗುವಾಗ ನನ್ನ ಮುಂದೆ ನಿಂತಳು. ಮುಖ ತಿರುಗಿಸಿಕೊಂಡೆ.

ಮೇ 11
ಪಾರ್ಲರಿಗೆ ಬೀಗ. ನನ್ನ ತಲೆ ನಾನೇ ಬಾಚಿಕೊಳ್ಳಲಾಗುತ್ತಿಲ್ಲ. ಫೋನ್ ಈಗ ಎಡಗೈಯಲ್ಲಿ. ನೋಡದೆ ಇರಲಾರೆ.

ಮೇ 13, ಸಂಜೆ
ಬಾಗಿಲು ತೆಗೆದರೆ ಅವಳು.
"ಯಾರು ಕರೆದ್ರು ನಿನ್ನ?"
"ಯಾರೂ ಇಲ್ಲ ಅಕ್ಕ. ನಿಮ್ಮ ತಲೆ ಗಂಟುಗಂಟಾಗಿದೆ ಅಂತ ಭಾವ ಹೇಳಿದ್ರು."
"ವಿಡಿಯೋ ಮಾಡೋಕೆ ಬಂದ್ಯಾ?"
"ಫೋನ್ ತಂದಿಲ್ಲ. ಕೂತ್ಕೊಳ್ಳಿ. ಬೈಯೋದಾದ್ರೆ ಬೈಯಿರಿ, ತಲೆ ಅಲ್ಲಾಡಿಸಬೇಡಿ."
ಬೈದೆ. ಗಿರಾಕಿಗಳನ್ನು ಕದ್ದದ್ದು, ಉಂಡ ಮನೆಗೆ ಎರಡು ಬಗೆದದ್ದು, ಎಲ್ಲ. ಅವಳು ಸಿಕ್ಕು ಬಿಡಿಸುತ್ತಾ ಹೋದಳು. ಕೊನೆಗೆ ತಣ್ಣಗೆ ಅಂದಳು: "ನಿಮ್ಮ ಹತ್ರ ಇದ್ದಷ್ಟು ದಿನ ಗಿರಾಕಿಗಳ ಮುಂದೇನೇ ನನ್ನ ದಡ್ಡಿ ಅಂತಿದ್ರಿ. ಅದಕ್ಕೇ ಹೋದೆ."
ನೆತ್ತಿಯ ಮೇಲೆ ಗಂಟು ಕಟ್ಟಿ, ಪಿನ್ ಚುಚ್ಚಿ, "ನಾಳೇನೂ ಬರ್ತೀನಿ" ಅಂದಳು. ಬರಬೇಡ ಅಂದೆ.
ಹೋದಳು. ಚೆನ್ನಾಗಿಯೇ ಕಟ್ಟಿದ್ದಾಳೆ, ಹಾಳಾದವಳು. ಕಿತ್ತುಹಾಕೋಣವೆಂದರೆ ಬಲಗೈ ಏಳಲಿಲ್ಲ. ಎಡಗೈ ಎತ್ತಿದೆ. ಕಿವಿಯವರೆಗೆ ಬಂತು. ಆಮೇಲೆ ಅದೂ —