ಮೇಯರನಿಗೆ ಗಾಜಿನ ಮನೆ ಬೇಡ

ಮಾನ್ಯ ವಸತಿ ಸಮುಚ್ಚಯದ ಆಡಳಿತಾಧಿಕಾರಿಗಳೇ,

ನಿಮ್ಮ ಆಜ್ಞೆಯನ್ನು ನಾನು ಪಾಲಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಕೊನೆಯ ಸಾಲಿನವರೆಗೂ ಹುಡುಕುವ ತೊಂದರೆ ನಿಮಗಿರುವುದಿಲ್ಲ. "ಸಾಕಿದ ಸರೀಸೃಪಗಳನ್ನು ಎಲ್ಲ ಕಡೆ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಮನೆಯೊಳಗೇ ಇಡತಕ್ಕದ್ದು, ಬಾಲ್ಕನಿಯಲ್ಲಿ ಯಾವುದೇ ಪಂಜರ ಇರಕೂಡದು, ತಪ್ಪಿದಲ್ಲಿ ಪ್ರಾಣಿಯನ್ನು ತೆರವುಗೊಳಿಸಲಾಗುವುದು" ಎಂದು ಮೆಟ್ಟಿಲ ಬಾಗಿಲಿಗೆ ಅಂಟಿಸಿದ್ದೀರಿ. ನಿವಾಸಿಗಳ ಹಿತದೃಷ್ಟಿಯಿಂದ ಎಂದೂ ಸೇರಿಸಿದ್ದೀರಿ. ಈ ಕಟ್ಟಡದಲ್ಲಿ ಸರೀಸೃಪ ಸಾಕಿರುವವರು ನಾನು ಮತ್ತು ನನ್ನ ಗಂಡ ಮಿತ್ಸುವೊ ಮಾತ್ರ. ನಮ್ಮ ಹಿತ ಯಾವುದೆಂದು ನಮ್ಮನ್ನು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಮ್ಮ ದ್ವೀಪದ ಈ ಕಾನೆಯೋಹೆ ಊರಿನಲ್ಲಿ ದಾಸವಾಳದ ಬೇಲಿ ಅಲುಗಿಸಿದರೆ ಒಂದು ಗೋಸುಂಬೆ ಸಿಗುತ್ತದೆ. ಇದು ನಿಮಗೂ ಗೊತ್ತು, ನೀವೂ ಇಲ್ಲೇ ಬೆಳೆದವರು. ನಮ್ಮದು ಕಾರು ನಿಲ್ಲಿಸುವ ಜಾಗದ ಬೇಲಿಯಲ್ಲಿ ಸಿಕ್ಕಿತು. ಮೂಗಿನ ಮೇಲೆ ಮೂರು ಕೊಂಬು, ಹಸಿರು ಮೈ, ಮುಖದ ತುಂಬ ಗತ್ತು. ಒಂದು ಕಣ್ಣು ಅತ್ತ, ಇನ್ನೊಂದು ಇತ್ತ. ಒಂದು ಹೆಜ್ಜೆ ಇಡಬೇಕಾದರೆ ಕಾಲನ್ನು ಗಾಳಿಯಲ್ಲಿ ಆಡಿಸುತ್ತಾ ಅರ್ಧ ಬೆಳಗ್ಗೆ ಕಳೆಯುತ್ತಾನೆ. "ಇವ್ನು ಮೇಯರ್ ಕಣೇ," ಎಂದ ಮಿತ್ಸುವೊ. "ಎರಡೂ ಕಡೆಯವ್ರನ್ನ ನೋಡ್ತಾನೆ, ಯಾರ ಕೆಲ್ಸಾನೂ ಮಾಡಲ್ಲ." ಅಂದಿನಿಂದ ಅವನು ಮೇಯರ್.

ಇದೇನು ಮುದುಕರ ಹುಚ್ಚು ಎಂದು ನೀವು ನಗುತ್ತಿರಬಹುದು. ನಗಿ. ಮಿತ್ಸುವೊ ಪ್ರವಾಸಿಗರ ಬಸ್ಸು ಓಡಿಸುತ್ತಿದ್ದವನು. ಪಾರ್ಶ್ವವಾಯು ಬಡಿದು ಅವನ ಬಲಗೈ ಬಿದ್ದುಹೋಯಿತು. ಬೆರಳಿಗೆ ವ್ಯಾಯಾಮವಾಗಲಿ ಎಂದು ಆಸ್ಪತ್ರೆಯವರು ರಬ್ಬರ್ ಚೆಂಡು ಕೊಟ್ಟರು. ಅದನ್ನು ಅವನು ಎಡಗೈಯಲ್ಲಿ ಗೋಡೆಗೆ ಎಸೆದ. "ನಾನೇನು ನಾಯಿಮರೀನಾ, ಚೆಂಡು ಹಿಡ್ಕೊಂಡು ಆಡೋಕೆ?" ಎಂದು ರೇಗಿದ. ನಾನು ಬೇಡಿಕೊಂಡೆ, ಬೈದೆ, ಅತ್ತೆ. ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮೇಯರ್ ಬಂದ. ಗೋಸುಂಬೆ ಬಟ್ಟಲಲ್ಲಿಟ್ಟ ನೀರು ಕುಡಿಯುವುದಿಲ್ಲ. ಎಲೆಯ ಮೇಲಿನ ಹನಿಯನ್ನು ಮಾತ್ರ ನೆಕ್ಕುತ್ತದೆ. ಹನಿ ಬೀಳಬೇಕಾದರೆ ಯಾರಾದರೂ ಸ್ಪ್ರೇ ಬಾಟಲಿಯ ಹಿಡಿ ಒತ್ತುತ್ತಲೇ ಇರಬೇಕು. ಒಂದು ಬೆಳಗ್ಗೆ ನಾನು ಅಡುಗೆಮನೆಯಿಂದ ಬಂದು ನೋಡುತ್ತೇನೆ, ಈ ಮನುಷ್ಯ ಬಲಗೈಯಲ್ಲಿ ಬಾಟಲಿ ಹಿಡಿದು, ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದಾನೆ. ಹನಿ ಬಂದದ್ದು ಅಷ್ಟಕ್ಕಷ್ಟೆ. ಮಾತಾಡಿಸಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ನಾನು ಬಾಗಿಲ ಹಿಂದೆಯೇ ನಿಂತೆ. ಈಗ ಅದೇ ಕೈಯಲ್ಲಿ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ.

ಇನ್ನು ನಿಮ್ಮ ಕಣ್ಣು ಕುಕ್ಕಿದ ಆ ಪಂಜರದ ವಿಷಯ. ಅದನ್ನು ನಾವು ಬೇಕಾಬಿಟ್ಟಿ ತಂದು ನಿಲ್ಲಿಸಿದ್ದಲ್ಲ. ಮೊದಲು ಪಕ್ಕದ ಮನೆಯವರ ಹಕ್ಕಿಪಂಜರ ತಂದೆವು. ತಂತಿಗಳ ನಡುವೆ ಮೇಯರನ ಕೊಂಬು ಸಿಕ್ಕಿಕೊಂಡಿತು. ಬಟ್ಟೆಯ ಬುಟ್ಟಿ ಕವುಚಿ ಹಾಕಿದೆವು. ಅವನು ಒಂದು ಮೂಲೆ ಹಿಡಿದು ಮುನಿಸಿಕೊಂಡು ಕುಳಿತ. ಅವನು ಮರದ ಜೀವಿ, ಅವನಿಗೆ ಅಗಲಕ್ಕಿಂತ ಎತ್ತರ ಬೇಕು, ನಾಲ್ಕು ಕಡೆಯಿಂದ ಗಾಳಿ ಬೇಕು, ಬಿಸಿಲೂ ಬೇಕು, ಸಾಕೆನಿಸಿದಾಗ ಅಡಗಲು ನೆರಳೂ ಬೇಕು. ಕೊನೆಗೆ ಕಿಟಕಿಗೆ ಹಾಕುವ ಮೆತ್ತನೆಯ ಜಾಲರಿಯನ್ನೇ ಮರದ ಚೌಕಟ್ಟಿಗೆ ಬಿಗಿದು, ನನ್ನ ಎದೆಯೆತ್ತರದ ಮನೆ ಕಟ್ಟಿದೆವು. ಒಳಗೆ ದಾಸವಾಳದ ಕುಂಡ, ಹತ್ತಲು ಪೇರಲದ ಕೊಂಬೆಗಳು. ಬಾಲ್ಕನಿಯ ಮೂಲೆಯಲ್ಲಿಟ್ಟರೆ ಕೊಓಲಾವು ಬೆಟ್ಟದ ತಂಪುಗಾಳಿ ಅದರೊಳಗೆ ಹಾದುಹೋಗುತ್ತದೆ. ಚೌಕಟ್ಟು ಸ್ವಲ್ಪ ವಾರೆಯಾಗಿದೆ, ಒಪ್ಪುತ್ತೇನೆ. ನೀವು ಕಟ್ಟಿಸಿಕೊಟ್ಟ ಕಟ್ಟಡಕ್ಕಿಂತ ಹೆಚ್ಚು ವಾರೆಯಲ್ಲ.

ನೋಟಿಸ್ ಬಿದ್ದ ಮೇಲೆ ನಿಮ್ಮ ತಪಾಸಣೆಯ ಹುಡುಗಿ ಬಂದಳು. ಒಳ್ಳೆಯ ಮನೆಯ ಮಗಳು, ಚಪ್ಪಲಿ ಹೊರಗೆ ಬಿಟ್ಟು ಬಂದಳು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ನಮ್ ಮನೇಲಿ ಮೀನು ಸಾಕ್ತಿದ್ದ ಗಾಜಿನ ಪೆಟ್ಟಿಗೆ ಸುಮ್ನೆ ಬಿದ್ದಿತ್ತು, ಅದನ್ನೇ ತಂದಿದ್ದೀನಿ," ಎಂದಳು. ಲಿಫ್ಟ್ ಕೆಟ್ಟಿದೆ, ಆ ಭಾರವನ್ನು ಮೂರು ಮಹಡಿ ಹೊತ್ತು ತಂದಿದ್ದಳು. ನಾವು ಎಡವಿದ್ದು ಅಲ್ಲೇ. ಬಾಗಿಲಿಗೆ ಹೊತ್ತು ತಂದದ್ದನ್ನು ಬೇಡವೆಂದು ಹಿಂದೆ ಕಳಿಸುವ ಅಭ್ಯಾಸ ಈ ದ್ವೀಪದಲ್ಲಿ ಯಾರಿಗಿದೆ, ಹೇಳಿ? "ಅಯ್ಯೋ, ಇಷ್ಟೆಲ್ಲಾ ಯಾಕಮ್ಮಾ," ಎನ್ನುತ್ತಲೇ ಎರಡು ಕೈ ಚಾಚಿ ತೆಗೆದುಕೊಂಡೆ. ಡಬ್ಬಿಯಲ್ಲಿ ಮುಸುಬಿ ಅನ್ನದುಂಡೆ ತುಂಬಿಸಿ ಕೊಟ್ಟೆ. ಮರುದಿನ ಆಕೆ ಆ ಡಬ್ಬಿಯ ತುಂಬ ಲಿಲಿಕೊಯಿ ಹಣ್ಣು ಹಾಕಿ ಹಿಂತಿರುಗಿಸಿದಳು. ನಮ್ಮಲ್ಲಿ ಯಾರ ಪಾತ್ರೆಯೂ ಬರಿದಾಗಿ ಹಿಂದಿರುಗುವುದಿಲ್ಲ. ಆಕೆಯ ಮೇಲೆ ಕಣ್ಣು ಕೆಂಪು ಮಾಡಬೇಡಿ. ತಪ್ಪು ನಿಮ್ಮ ಕಾಗದದ್ದು.

ಕೊಟ್ಟವಳ ಮನಸ್ಸು ನೋಯಬಾರದೆಂದು ಮೇಯರನನ್ನು ಗಾಜಿನೊಳಗೆ ಬಿಟ್ಟೆವು. ಬಿಟ್ಟ ಗಳಿಗೆಯಲ್ಲೇ ಅವನಿಗೆ ಎದುರು ಗಾಜಿನಲ್ಲಿ ಇನ್ನೊಬ್ಬ ಮೇಯರ್ ಕಂಡ. ಮೈ ಉಬ್ಬಿಸಿ, ಕೊಂಬು ಮುಂದೆ ಮಾಡಿ ಅವನ ಮೇಲೆ ಏರಿಹೋದ. ಎಡಕ್ಕೆ ತಿರುಗಿದರೆ ಅಲ್ಲೂ ಒಬ್ಬ, ಬಲಕ್ಕೂ ಒಬ್ಬ. ಬಣ್ಣ ಬದಲಾಯಿಸುವವರನ್ನು ಜನ ಗೋಸುಂಬೆ ಎಂದು ಹೀಯಾಳಿಸುತ್ತಾರಲ್ಲ, ಪಾಪ, ಅವನು ಬಣ್ಣ ಬದಲಾಯಿಸಿದ್ದು ಲಾಭಕ್ಕಲ್ಲ, ಸಂಕಟಕ್ಕೆ. ಹಸಿರು ಹೋಗಿ ಮೈಯೆಲ್ಲ ಸುಟ್ಟ ಬ್ರೆಡ್ಡಿನ ಕಪ್ಪು. ಒಳಗೆ ಗಾಳಿಯಿಲ್ಲ, ಸೆಕೆ. ನೀರು ಸಿಂಪಡಿಸಿದರೆ ಆರದೆ ತಳದಲ್ಲಿ ನಿಂತು ನಾರುತ್ತದೆ. ಹಾಗಾಗಿ ಸಿಂಪಡಿಸುವುದನ್ನೇ ನಿಲ್ಲಿಸಬೇಕಾಯಿತು. ಅವನ ಕಣ್ಣು ಗುಳಿಬಿದ್ದವು, ಹುಳ ಬಾಯ ಮುಂದೆ ಹರಿದರೂ ನಾಲಗೆ ಚಾಚಲಿಲ್ಲ. ಮಿತ್ಸುವೊನ ಬಾಟಲಿ ಕಿಟಕಿಯ ಮೇಲೆ ಕುಳಿತಿತು, ಅವನ ಬಲಗೈ ಮತ್ತೆ ತೊಡೆಯ ಮೇಲೆ ಬಂದು ಬಿತ್ತು.

"ಡೊರೀನ್, ಇದು ಸಾಯುತ್ತೆ," ಎಂದ ಅವನು.

"ನೋಟಿಸಲ್ಲಿ ಏನಿದೆ ಗೊತ್ತಲ್ಲ? ಹೊರಗಿಟ್ರೆ ಎತ್ಕೊಂಡ್ ಹೋಗ್ತಾರೆ."

"ಎತ್ಕೊಂಡ್ ಹೋಗೋಕೆ ಇದು ಬದುಕಿರ್ಬೇಕಲ್ಲ! ತೆಗಿ ಆಚೆ."

ತೆಗೆದೆವು. ಜಾಲರಿಯ ಮನೆಯಲ್ಲಿ ದಾಸವಾಳದ ಮೇಲೆ ಬಿಟ್ಟೆವು. ಮಿತ್ಸುವೊ ಕುರ್ಚಿ ಎಳೆದುಕೊಂಡು ಒತ್ತತೊಡಗಿದ. ಒತ್ತಿದ, ಕೈ ನಡುಗಿದರೂ ಒತ್ತಿದ, "ಎಡಗೈಗೆ ಕೊಡು" ಎಂದರೆ ನನ್ನನ್ನೇ ಗದರಿದ. ಬಹಳ ಹೊತ್ತಿನ ಮೇಲೆ ಮೇಯರ್ ಒಂದು ಕಣ್ಣು ತಿರುಗಿಸಿ ಎಲೆಯ ತುದಿಯ ಹನಿ ನೋಡಿದ. ಯೋಚಿಸಿದ. ಕುಡಿದ. ಮಿತ್ಸುವೊ ಹೋ ಎಂದು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಏನಾಯಿತೋ ಎಂದು ಓಡಿಬಂದರು. ಈಗ ಮೇಯರ್ ಮತ್ತೆ ಹಸಿರಾಗಿದ್ದಾನೆ.

ಸ್ವಾಮಿ, ಗಾಜೆಂದರೆ ಸುರಕ್ಷಿತ, ಸ್ವಚ್ಛ, ಚೆಂದ ಎಂದು ನಿಮಗೆ ಅನ್ನಿಸುವುದು ಸಹಜ. ನೀವೂ ಗಾಜಿನ ಕೋಣೆಯಲ್ಲೇ ಕೂರುತ್ತೀರಿ. ಆದರೆ ನಿಮಗೆ ಎ.ಸಿ. ಇದೆ, ಸಂಜೆಯಾದರೆ ಬಾಗಿಲು ತೆರೆದು ಮನೆಗೆ ಹೋಗುತ್ತೀರಿ. ಒಳಗಿರಬೇಕಾದವನನ್ನು ಒಮ್ಮೆಯೂ ನೋಡದೆ ಅವನ ಮನೆ ಹೇಗಿರಬೇಕೆಂದು ಬರೆಯುವ ವಿದ್ಯೆಯನ್ನು ನೀವು ಎಲ್ಲಿ ಕಲಿತಿರಿ? ಸತ್ತ ಲಿಫ್ಟು ನೋಡಿದರೆ ಅನುಮಾನ ಬರುತ್ತದೆ, ನಮ್ಮ ಮನೆಗಳು ಹೇಗಿರಬೇಕೆಂದೂ ನೀವು ಹಾಗೆಯೇ ನಮ್ಮನ್ನು ನೋಡದೆ ಬರೆದಿರಬೇಕು.

ನನ್ನ ಬೇಡಿಕೆ ಚಿಕ್ಕದು. ಆ ಕಾಗದವನ್ನು ಮೆಟ್ಟಿಲ ಬಾಗಿಲಿನಿಂದ ಕಿತ್ತುಹಾಕಿ. ಜಾಲರಿಯ ಮನೆ ಬಾಲ್ಕನಿಯಲ್ಲೇ ಇರುತ್ತದೆ, ಮೇಯರ್ ಅದರೊಳಗೇ ಇರುತ್ತಾನೆ, ಮಿತ್ಸುವೊ ಅದರ ಮುಂದೆಯೇ ಕೂರುತ್ತಾನೆ. ತೆರವುಗೊಳಿಸಲೇಬೇಕು ಎಂದರೆ ಬೇರೆಯವರನ್ನು ಕಳಿಸಬೇಡಿ, ನೀವೇ ಮೆಟ್ಟಿಲು ಹತ್ತಿ ಬನ್ನಿ. ಚಪ್ಪಲಿ ಹೊರಗೆ ಬಿಡಿ.

ಗಾಜಿನ ಪೆಟ್ಟಿಗೆಯನ್ನು ಇಂದು ಬೆಳಗ್ಗೆ ನಿಮ್ಮ ಕಚೇರಿಯ ಮೇಜಿನ ಮೇಲೆ ಇಟ್ಟು ಬಂದಿದ್ದೇವೆ. ಒಂದು ಬದಿಯನ್ನು ನಾನು ಹಿಡಿದಿದ್ದೆ, ಇನ್ನೊಂದನ್ನು ಮಿತ್ಸುವೊ, ಬಲಗೈಯಲ್ಲಿ. ಬರಿದಾಗಿ ಕೊಡುವುದು ನಮ್ಮ ಪದ್ಧತಿಯಲ್ಲವಾದ್ದರಿಂದ ಮಾವಿನಹಣ್ಣು ತುಂಬಿಸಿದ್ದೇವೆ. ಆ ಹುಡುಗಿಗೂ ಕೊಡಿ. ಬೇಗ ತಿಂದು ಮುಗಿಸಿ. ಗಾಳಿಯಾಡದ ಗಾಜಿನೊಳಗೆ ಹಣ್ಣು ಕೂಡ ಬಹಳ ದಿನ ಬಾಳುವುದಿಲ್ಲ.

ಇಂತಿ,
ನಿಮ್ಮ ಮಾತನ್ನು ಒಮ್ಮೆ ಕೇಳಿ ಕೆಟ್ಟ, ಇನ್ನು ಕೇಳದ,
ಡೊರೀನ್ ಇವಾಸಾ
ಮೂರನೇ ಮಹಡಿ, ವಾರೆ ಪಂಜರದ ಮನೆ